ಬಸ್ ಬರೋವರೆಗೆ: ಗೋಡೆ ಮೇಲಿನ ಚಿತ್ರಕ್ಕೆ ಪಿಟೀಲು



ಈ ವಾರ ನನ್ನ ಅಂಕಣದಲ್ಲಿ ಹೀರೋ ಇಲ್ಲ, ಹೀರೋಯಿನ್ ಇಲ್ಲ, ಫೈಟಿಂಗೂ ಇಲ್ಲ. ಆದರೂ ದಯವಿಟ್ಟು ಪುಟ ತಿರುವಬೇಡಿ. ವಿಷಯ ಚಿತ್ರದ್ದೇ!

ಈ ಮೊಬೈಲ್ ಕಾಲದಲ್ಲೂ ಪುಣ್ಯಾತ್ಮರು ಕೆಲವರು ನನಗೆ ಕೈಯಲ್ಲಿ ಪತ್ರ ಬರೀತಾರೆ. ಮುಕ್ಕಾಲು ಪಾಲು ‘ಅಣ್ಣಾ, ಒಂದು ಛಾನ್ಸ್ ಕೊಡಿಸಿ’ ಅನ್ನೋವೇ. ಛಾನ್ಸ್ ಕೊಡಿಸೋ ಶಕ್ತಿ ಇದ್ದಿದ್ದರೆ ನಾನೇ ಹೀರೋ ಆಗ್ತಿರಲಿಲ್ವೇ ಸ್ವಾಮೀ? ಆದರೆ ಹೋದ ವಾರ ರಾಜಾಜಿನಗರದಿಂದ ಬಂದ ಒಂದು ಪತ್ರ ಮೂರು ದಿನ ನನ್ನ ನಿದ್ದೆ ಕೆಡಿಸಿತು. ಹುಡುಗನ ಹೆಸರು ಬೇಡ. ವಯಸ್ಸು ಇಪ್ಪತ್ತೆರಡು. ಗಣೇಶನ ಹಬ್ಬ, ರಾಜ್ಯೋತ್ಸವ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಪಿಟೀಲು ಬಾರಿಸ್ತಾನೆ. ಅಣ್ಣಾವ್ರ ಹಾಡಿರಲಿ, ಹೊಸ ಹಾಡಿರಲಿ, ಒಂದು ಸಲ ಕೇಳಿದರೆ ಕೈಗೆ ಬರುತ್ತಂತೆ. ಅವನು ಬರೆದದ್ದರ ಸಾರ ಇಷ್ಟು:

‘ಅಣ್ಣಾ, ಬಸವೇಶ್ವರನಗರದಲ್ಲಿ ಅಂಗಡಿ ಮೇಲಿನ ಮಹಡೀಲಿ ಒಂದು ಸಣ್ಣ ಗ್ಯಾಲರಿ ಇದೆ. ಅಲ್ಲಿ ಎಂಟು ಪೇಂಟಿಂಗ್ ತೂಗುಹಾಕಿದ್ದಾರೆ. ಒಂದೊಂದರ ಮುಂದೆ ನಿಂತು, ಅದನ್ನ ನೋಡಿ ನನಗೆ ಏನನ್ನಿಸುತ್ತೋ ಅದನ್ನ ಬಾರಿಸಬೇಕಂತೆ. ತಬಲಾ ಇಲ್ಲ, ಕೀಬೋರ್ಡ್ ಇಲ್ಲ, ಹಾಡೂ ಇಲ್ಲ. ನಾನೊಬ್ಬನೇ ನಲವತ್ತು ನಿಮಿಷ. ಫ್ರೆಂಡ್ಸ್ ಎಲ್ಲ ನಗ್ತಿದಾರೆ, ಎಂಟು ಗೋಡೆಗೆ ಪಿಟೀಲು ಕುಯ್ಯೋಕೆ ಹೋಗ್ತೀಯೇನೋ ಅಂತ. ಅದೇ ಭಾನುವಾರ ಕೆಂಗೇರಿ ಕಡೆ ಆರ್ಕೆಸ್ಟ್ರಾ ಇದೆ, ಅಲ್ಲಿ ದುಡ್ಡು ಸಿಗುತ್ತೆ. ಇಲ್ಲಿ ಬಸ್ ಚಾರ್ಜು, ಕಾಫಿ. ಇನ್ನೊಂದು ವಿಷಯ. ಐದನೇ ಪೇಂಟಿಂಗು ಒಂದು ಮುಚ್ಚಿದ ಕಾರ್ಖಾನೆ ಗೇಟು. ನಮ್ಮಪ್ಪ ಕೆಲಸ ಮಾಡ್ತಿದ್ದ ಕಾರ್ಖಾನೇದೇ ಅನ್ನಿಸ್ತು. ಅದು ಮುಚ್ಚಿದಾಗ ನಾನು ಮೂರನೇ ಕ್ಲಾಸು. ಮನೇಲಿ ಹೇಳಿದ್ದಕ್ಕೆ ಅಪ್ಪ, ಅದೆಲ್ಲ ಯಾಕೆ, ಸುಮ್ನೆ ಆರ್ಕೆಸ್ಟ್ರಾಗೆ ಹೋಗು ಅಂದ್ರು. ಏನು ಮಾಡ್ಲಿ? ಆ ಗೇಟಿನ ಮುಂದೆ ಏನು ಬಾರಿಸ್ಲಿ?’

ತಮ್ಮಾ, ನಿನ್ನ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ನನ್ನ ಹತ್ತಿರ ಇಲ್ಲ. ನನಗೆ ಗೊತ್ತಿರೋದನ್ನ ಒಂದೊಂದಾಗಿ ಹೇಳ್ತೀನಿ, ಕೇಳು. ನಿನ್ನ ಜೊತೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರೋ ನಮ್ಮ ಬಾಕಿ ದೊರೆಗಳೂ ಕೇಳಲಿ.

ಮೊದಲು ಆ ‘ಪಿಟೀಲು ಕುಯ್ಯೋ’ ವಿಚಾರ. ಕನ್ನಡದಲ್ಲಿ ಯಾರಾದರೂ ತಲೆ ತಿಂದರೆ ‘ಪಿಟೀಲು ಕುಯ್ಯಬೇಡ’ ಅಂತೀವಿ. ಪಾಪ, ಆ ವಾದ್ಯ ಯಾರಿಗೆ ಏನು ಮಾಡಿತ್ತೋ! ಕಚೇರೀಲಿ ಅದು ಪಕ್ಕವಾದ್ಯ. ಪಾಂಪ್ಲೆಟ್ಟಿನಲ್ಲಿ ಹಾಡುಗಾರರ ಹೆಸರು ದಪ್ಪಕ್ಷರ, ಪಿಟೀಲಿನವರ ಹೆಸರು ಸಣ್ಣಕ್ಷರ. ಸಿನಿಮಾದಲ್ಲಂತೂ ಹೆಸರೇ ಇಲ್ಲ. ಒಂದು ಹಾಡಿಗೆ ಹತ್ತಿಪ್ಪತ್ತು ಜನ ಕಮಾನು ಎಳೆದಿರ್ತಾರೆ. ಟೈಟಲ್ ಕಾರ್ಡಿನಲ್ಲಿ ಒಬ್ಬರನ್ನಾದರೂ ನೋಡಿದ್ದೀರಾ?

ಆದರೆ ಈ ಸಣ್ಣಕ್ಷರದ ವಾದ್ಯವನ್ನ ದಪ್ಪಕ್ಷರಕ್ಕೆ ತಂದ ಭೂಪ ನಮ್ಮ ಕನ್ನಡ ನಾಡಿನವನೇ. ಪಿಟೀಲು ಚೌಡಯ್ಯ! ತಿರುಮಕೂಡಲಿನವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕು ಬಾರದ ಕಾಲ. ದೊಡ್ಡ ದೊಡ್ಡ ಗಾಯಕರ ಕಂಠದ ಮುಂದೆ ನಾಲ್ಕು ತಂತಿಯ ಪಿಟೀಲಿನ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೇನು ಮಾಡಿದರು ಗೊತ್ತೇ? ನಾಲ್ಕು ತಂತಿಯಲ್ಲಿ ಮೂರಕ್ಕೆ ಒಂದೊಂದು ಜೋಡಿ ತಂತಿ ಕಟ್ಟಿ ಏಳು ತಂತಿ ಮಾಡಿಬಿಟ್ಟರು. ಪಕ್ಕದಲ್ಲಿ ಕೂತೇ ಸಭೆ ಗೆದ್ದರು. ೧೯೫೭ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದು ಕೊಟ್ಟಿತು. ೧೯೬೭ರಲ್ಲಿ ತೀರಿಕೊಂಡರು. ಈಗ ಮಲ್ಲೇಶ್ವರದ ಪಕ್ಕ, ವೈಯಾಲಿಕಾವಲ್ ಕಡೆ ಅವರ ಹೆಸರಿನ ಹಾಲ್ ಇದೆಯಲ್ಲ, ೧೯೮೦ರಲ್ಲಿ ತೆರೆದದ್ದು, ಅದರ ಕಟ್ಟಡವೇ ಪಿಟೀಲಿನ ಆಕಾರ! ಒಂದು ವಾದ್ಯಕ್ಕೆ ಇದಕ್ಕಿಂತ ದೊಡ್ಡ ಕಟೌಟ್ ಯಾವ ಥಿಯೇಟರ್ ಮುಂದೆ ನಿಂತಿದೆ ಹೇಳಿ.

ಸಿನಿಮಾ ಅಭಿಮಾನಿಗಳಿಗೆ ಇನ್ನೊಂದು ವಿಷಯ. ಈ ಚೌಡಯ್ಯನವರು ತೆರೆಯ ಮೇಲೂ ಬಂದಿದ್ದರು. ‘ವಾಣಿ’ ಅಂತ ಚಿತ್ರ, ೧೯೪೩ರದ್ದು. ನಿರ್ದೇಶನ ಕೆ. ಹಿರಣ್ಣಯ್ಯನವರದ್ದು. ಅದರೊಳಗೆ ಚೆಂಬೈ ವೈದ್ಯನಾಥ ಭಾಗವತರ ಹಾಡು, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ, ಚೌಡಯ್ಯನವರ ಪಿಟೀಲು ಇದ್ದ ಕಚೇರಿಯೇ ಇತ್ತು. ನಮ್ಮ ಪಂಡರೀಬಾಯಿ ಮೊದಲು ಬಣ್ಣ ಹಚ್ಚಿದ್ದೂ ಅದೇ ಚಿತ್ರಕ್ಕೆ. ಅಂದರೆ ಕನ್ನಡ ಟಾಕಿಗೆ ಇನ್ನೂ ಹತ್ತು ವರ್ಷ ತುಂಬದಾಗಲೇ ಪಿಟೀಲಿಗೆ ಕ್ಲೋಸಪ್ ಸಿಕ್ಕಿತ್ತು ಗುರುವೇ!

ಈಗ ಚಿತ್ರದ ವಿಷಯಕ್ಕೆ ಬರೋಣ. ನೋಡಿ, ನಮ್ಮ ಭಾಷೆಯ ಸೊಗಸು. ಗೋಡೆ ಮೇಲೆ ತೂಗುಹಾಕಿದ್ದೂ ಚಿತ್ರ. ನವರಂಗ್ ಟಾಕೀಸಿನಲ್ಲಿ ಓಡೋದೂ ಚಿತ್ರ. ಒಂದು ನಿಂತಿರುತ್ತೆ, ಇನ್ನೊಂದು ಓಡುತ್ತೆ, ಅಷ್ಟೇ. ಓಡೋ ಚಿತ್ರಕ್ಕೆ ಪಿಟೀಲು ಬಾರಿಸಿದರೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಅಂತ ಶಿಳ್ಳೆ ಹೊಡೀತೀವಿ. ನಿಂತ ಚಿತ್ರಕ್ಕೆ ಬಾರಿಸಿದರೆ ಯಾಕೆ ನಗಬೇಕು? ಮೂಕಿ ಚಿತ್ರಗಳ ಕಾಲದಲ್ಲಿ ವಾದ್ಯದವರು ಪರದೆಯ ಬುಡದಲ್ಲೇ ಕೂತು, ಮೇಲೆ ಕಾಣೋ ಚಿತ್ರ ನೋಡ್ತಾ ಬಾರಿಸ್ತಿದ್ದರು. ನಿನಗೆ ಗ್ಯಾಲರಿಯವರು ಕೊಟ್ಟಿರೋದೂ ಅದೇ ಹಳೇ ಕೆಲಸ ತಮ್ಮಾ, ಹೊಸದಲ್ಲ.

‘ಪುಷ್ಪಕ ವಿಮಾನ’ ನೋಡಿಲ್ಲದವರು ನಮ್ಮ ಓದುಗರಲ್ಲಿ ಯಾರೂ ಇರಲಾರರು. ೧೯೮೭ರ ಚಿತ್ರ. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಶೃಂಗಾರ್ ನಾಗರಾಜ್ ನಿರ್ಮಾಣ, ಕಮಲಹಾಸನ್, ಅಮಲಾ. ಇಡೀ ಚಿತ್ರದಲ್ಲಿ ಒಂದೇ ಒಂದು ಡೈಲಾಗ್ ಇಲ್ಲ! ಚಿತ್ರೀಕರಣ ಆದದ್ದು ನಮ್ಮ ಬೆಂಗಳೂರಿನಲ್ಲೇ. ಮಾತಿಲ್ಲದ ಆ ಚಿತ್ರದ ಸಂಗೀತ ಎಲ್. ವೈದ್ಯನಾಥನ್ ಅವರದ್ದು. ಅವರು ಮೂಲತಃ ಏನು ಗೊತ್ತೇ? ಪಿಟೀಲಿನವರು! ತಂದೆ ವಿ. ಲಕ್ಷ್ಮೀನಾರಾಯಣ ಅವರಿಂದ ಕಲಿತವರು. ತಮ್ಮಂದಿರು ಎಲ್. ಸುಬ್ರಹ್ಮಣ್ಯಂ, ಎಲ್. ಶಂಕರ್. ಮೂರು ಜನ ಅಣ್ಣತಮ್ಮಂದಿರು ಒಂದೇ ವೇದಿಕೆಯಲ್ಲಿ ಮೂರು ಪಿಟೀಲು ಹಿಡಿದು ಕೂರುತ್ತಿದ್ದರು.

ಇದೇ ವೈದ್ಯನಾಥನ್ ಅವರೇ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೂ ಸಂಗೀತ ಕೊಟ್ಟವರು. ಶುರುವಿನಲ್ಲಿ ಬರೋ ಆ ‘ತಾನ ತನನ’ ಯಾರಿಗೆ ಮರೆತಿದೆ? ಆಗ ತೆರೆಯ ಮೇಲೆ ಏನು ಕಾಣುತ್ತೆ, ನೆನಪು ಮಾಡಿಕೊಳ್ಳಿ. ಆರ್.ಕೆ. ಲಕ್ಷ್ಮಣ್ ಅವರು ಕೈಯಲ್ಲಿ ಬರೆದ ಚಿತ್ರಗಳು! ಬರೆದ ಚಿತ್ರ, ಅದರ ಜೊತೆಗೆ ಪಿಟೀಲಿನವರೊಬ್ಬರು ಕಟ್ಟಿದ ರಾಗ. ಮನೆಮನೆಯೂ ಟಿ.ವಿ. ಮುಂದೆ ಕೂತು ಕೇಳಿತು. ‘ಗೋಡೆಗೆ ಕುಯ್ಯೋದು’ ಅಂತ ಯಾರೂ ನಗಲಿಲ್ಲ. ನಿನ್ನ ಫ್ರೆಂಡ್ಸಿಗೆ ಇದನ್ನ ಹೇಳು.

ಇನ್ನು ಸಮುದ್ರದಾಚೆ ಒಂದು ಕಥೆ. ರಷ್ಯಾ ದೇಶದಲ್ಲಿ ಮುಸೋರ್ಗ್‌ಸ್ಕಿ ಅಂತ ಒಬ್ಬ ಸಂಗೀತಗಾರ. ಅವನಿಗೆ ಹಾರ್ಟ್‌ಮನ್ ಅಂತ ಒಬ್ಬ ಚಿತ್ರಕಾರ ಗೆಳೆಯ. ೧೮೭೩ರಲ್ಲಿ ಗೆಳೆಯ ಸತ್ತುಹೋದ, ನಲವತ್ತು ಕೂಡ ತುಂಬಿರಲಿಲ್ಲ. ಮಾರನೇ ವರ್ಷ ಅವನ ಚಿತ್ರಗಳ ಪ್ರದರ್ಶನ ಇಟ್ಟರು. ಅದನ್ನ ನೋಡಿ ಬಂದ ಮುಸೋರ್ಗ್‌ಸ್ಕಿ ಹತ್ತು ಚಿತ್ರಕ್ಕೆ ಹತ್ತು ತುಣುಕು ಸಂಗೀತ ಬರೆದ, ಪಿಯಾನೋಗೆ. ಮಧ್ಯೆ ಮಧ್ಯೆ ಒಂದು ನಡಿಗೆಯ ರಾಗ ಇಟ್ಟ. ಅದು ಯಾರ ನಡಿಗೆ? ಅವನದ್ದೇ! ಒಂದು ಚಿತ್ರದಿಂದ ಇನ್ನೊಂದಕ್ಕೆ ಹೆಜ್ಜೆ ಹಾಕೋ ನಡಿಗೆ. ಆ ಚಿತ್ರಗಳಲ್ಲಿ ಬಹಳಷ್ಟು ಈಗ ಸಿಕ್ಕೋದೇ ಇಲ್ಲ, ಕಳೆದುಹೋಗಿವೆ. ಸಂಗೀತ ಮಾತ್ರ ಉಳಿದಿದೆ. ಸತ್ತ ಗೆಳೆಯನನ್ನ ಜಗತ್ತು ನೆನಪಿಟ್ಟುಕೊಂಡಿರೋದು ಅದರಿಂದಲೇ. ತಮ್ಮಾ, ಮುಚ್ಚಿದ ಗೇಟಿನ ಮುಂದೆ ನಿಲ್ಲೋ ಮುಂಚೆ ಇದನ್ನ ನೆನಪಿಟ್ಟುಕೋ.

ಅಷ್ಟು ದೂರ ಯಾಕೆ, ನಮ್ಮೂರಿಗೇ ಬರೋಣ. ಕಸ್ತೂರ್ಬಾ ರಸ್ತೆಯಲ್ಲಿ ಮ್ಯೂಸಿಯಂ ಪಕ್ಕ ವೆಂಕಟಪ್ಪ ಆರ್ಟ್ ಗ್ಯಾಲರಿ ಅಂತ ಇದೆ. ನೀವೆಲ್ಲ ಕಬ್ಬನ್ ಪಾರ್ಕಿಗೆ ಹೋದಾಗ ಬೋರ್ಡ್ ನೋಡಿರ್ತೀರಿ, ಒಳಗೆ ಹೋಗಿರಲ್ಲ. (ನಾನೂ ಬಹಳ ವರ್ಷ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ?) ಈ ಕೆ. ವೆಂಕಟಪ್ಪನವರು ಮೈಸೂರು ಆಸ್ಥಾನದ ಚಿತ್ರಗಾರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೦೯ರಲ್ಲಿ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಕೈಕೆಳಗೆ ಕಲಿತರು. ನಂದಲಾಲ್ ಬೋಸ್ ಅವರ ಜೊತೆಗಾರರು. ಊಟಿ, ಕೊಡೈಕೆನಾಲ್ ಬೆಟ್ಟಗಳ ಮಂಜನ್ನ, ಬಿಸಿಲನ್ನ ಜಲವರ್ಣದಲ್ಲಿ ಹಿಡಿದವರು. ಅಂಥ ಮನುಷ್ಯನಿಗೆ ಇನ್ನೊಂದು ಹುಚ್ಚು ಹತ್ತಿತು. ವೀಣೆ! ಕುಂಚದಷ್ಟೇ ಹಟ ಹಿಡಿದು ವೀಣೆ ಶೇಷಣ್ಣನವರ ಬಳಿ ಪಾಠ ಹೇಳಿಸಿಕೊಂಡರು. ವೀಣೆಯ ಹುಚ್ಚು ಹಿಡಿದವನ ಬಗ್ಗೆ ಒಂದು ಚಿತ್ರವನ್ನೇ ಬರೆದರು. ಒಂದೇ ಕೈ, ಒಮ್ಮೆ ಕುಂಚ, ಒಮ್ಮೆ ತಂತಿ. ಮದುವೆ ಆಗಲಿಲ್ಲ. ಯಾರಿಗೂ ಬಗ್ಗಲಿಲ್ಲ. ೧೯೬೫ರಲ್ಲಿ ತೀರಿಕೊಂಡರು. ೨೦೧೬ರಲ್ಲಿ ಆ ಗ್ಯಾಲರಿಯನ್ನ ಖಾಸಗಿಯವರ ಉಸ್ತುವಾರಿಗೆ ಕೊಡ್ತಾರೆ ಅನ್ನೋ ಸುದ್ದಿ ಎದ್ದಾಗ ಬೆಂಗಳೂರಿನ ಕಲಾವಿದರು ಬೀದಿಗೆ ಇಳಿದು ವಿರೋಧ ಮಾಡಿದರು. ಚಿತ್ರ ತೂಗುಹಾಕೋ ಗೋಡೆ ಅಂದರೆ ಅವರಿಗೆ ಅಷ್ಟು ಪ್ರಾಣ.

ಇದರ ಉಲ್ಟಾ ಕೆಲಸ ಮಾಡಿದವರೂ ನಮ್ಮಲ್ಲಿದ್ದರು. ೨೦೨೩ರಲ್ಲಿ ತೀರಿಕೊಂಡ ಬಿ.ಕೆ.ಎಸ್. ವರ್ಮಾ ಅವರು ವೇದಿಕೆ ಮೇಲೆ ಕವಿತೆ, ಹಾಡು ನಡೀತಿದ್ದಂತೆ ಸರಸರ ಅಂತ ಚಿತ್ರ ಬರೆದುಬಿಡ್ತಿದ್ದರು. ಜನ ಉಸಿರು ಬಿಗಿ ಹಿಡಿದು ನೋಡ್ತಿದ್ದರು. ಹಿಂದಿನ ಕಾಲದ ದಖ್ಖನಿನಲ್ಲಿ, ರಾಜಸ್ಥಾನದಲ್ಲಿ ರಾಗಮಾಲಾ ಚಿತ್ರ ಅಂತಲೇ ಬರೀತಿದ್ದರು. ಒಂದೊಂದು ರಾಗಕ್ಕೂ ಒಂದೊಂದು ಚಿತ್ರ. ರಾಗ ಕೇಳಿ ಚಿತ್ರ ಬರೆಯೋದಾದರೆ, ಚಿತ್ರ ನೋಡಿ ರಾಗ ನುಡಿಸೋದಕ್ಕೆ ಅಡ್ಡಿ ಏನು?

ಈಗ ನನ್ನ ಸ್ವಂತದ ಒಂದು ಮಾತು.

ವಿಜಯನಗರದಲ್ಲಿ ನಮಗೆ ಒಬ್ಬರು ಹಿರಿಯರಿದ್ದರು. ನಾವೆಲ್ಲ ಪಿಟೀಲು ಮೇಷ್ಟ್ರು ಅಂತಿದ್ವಿ. ವಯಸ್ಸಿನಲ್ಲಿ ಮದರಾಸಿಗೆ ಹೋಗಿ ರೆಕಾರ್ಡಿಂಗ್ ಥಿಯೇಟರುಗಳಲ್ಲಿ ಮೂರನೇ ಸಾಲಿನ ಪಿಟೀಲು ಬಾರಿಸಿದವರು. ಎಷ್ಟು ಚಿತ್ರಕ್ಕೆ ಅಂತ ಅವರಿಗೇ ಲೆಕ್ಕ ಇರಲಿಲ್ಲ. ಒಂದು ಸಂಜೆ ಮಾರುತಿ ಮಂದಿರದ ಹತ್ತಿರ ಕಾಫಿ ಕುಡೀತಾ ನಾನು ದೊಡ್ಡ ರಸಿಕನ ಹಾಗೆ ಕೇಳಿದೆ: ‘ಮೇಷ್ಟ್ರೇ, ಆ ಅಳೋ ಸೀನಿಗೆ ಬಾರಿಸುವಾಗ ನಿಮಗೂ ಅಳು ಬರ್ತಿತ್ತಾ?’

ಅವರು ಲೋಟ ಕೆಳಗಿಟ್ಟು ನಕ್ಕರು. ‘ಯಾವ ಸೀನಪ್ಪಾ? ಪರದೆ ನಮ್ಮ ಬೆನ್ನ ಹಿಂದೆ ಇರ್ತಿತ್ತು. ನೋಡ್ತಿದ್ದವರು ಮ್ಯೂಸಿಕ್ ಡೈರೆಕ್ಟರ್. ನಮ್ಮ ಕಣ್ಣು ನೊಟೇಶನ್ ಮೇಲೆ, ಅವರ ಕೈ ಮೇಲೆ. ಯಾರು ಸತ್ರು, ಯಾರು ಅತ್ರು ಅಂತ ನಮಗೆ ಗೊತ್ತಾಗ್ತಿದ್ದದ್ದು ಚಿತ್ರ ಬಿಡುಗಡೆ ಆಗಿ ಟಿಕೆಟ್ ತಗೊಂಡು ಹೋದಾಗ. ಒಂದ್ಸಲನಾದ್ರೂ ತಿರುಗಿ ಕೂತು, ಚಿತ್ರ ನೋಡ್ತಾ, ನನಗೆ ತೋಚಿದ್ದು ಬಾರಿಸಬೇಕು ಅಂತ ಆಸೆ ಇತ್ತು. ಆಗಲಿಲ್ಲ.’

ಅಷ್ಟೇ ಹೇಳಿದರು. ಆಮೇಲೆ ಬೇರೆ ಮಾತು ತೆಗೆದರು. ಅವರು ಹೋಗಿ ವರ್ಷಗಳಾದವು. ನಿನ್ನ ಪತ್ರ ಓದಿದಾಗ ಮೊದಲು ನೆನಪಾದದ್ದು ಅವರೇ. ಜೀವಮಾನವೆಲ್ಲ ಚಿತ್ರಕ್ಕೆ ಬಾರಿಸಿದ ಮನುಷ್ಯನಿಗೆ ಸಿಗದೇ ಹೋದ ನಲವತ್ತು ನಿಮಿಷ ನಿನಗೆ ಇಪ್ಪತ್ತೆರಡಕ್ಕೇ ಸಿಕ್ಕಿದೆ. ಬಸ್ ಚಾರ್ಜು, ಕಾಫಿಗೆ!

ದುಡ್ಡಿನ ವಿಷಯ ಹಗುರ ಅಂತ ನಾನು ಹೇಳೋದಿಲ್ಲ. ಮನೇಲಿ ಅಕ್ಕಿ ತರಬೇಕಾದವನಿಗೆ ‘ಕಲೆ ಮುಖ್ಯ’ ಅಂತ ಉಪದೇಶ ಮಾಡೋಕೆ ನನಗೆ ಬಾಯಿ ಬರಲ್ಲ. ಆ ಭಾನುವಾರದ ಆರ್ಕೆಸ್ಟ್ರಾ ದುಡ್ಡು ಇಲ್ಲದಿದ್ದರೆ ಮನೆ ನಡೆಯೋದೇ ಕಷ್ಟ ಅನ್ನೋದಾದರೆ ಕೆಂಗೇರಿಗೆ ಹೋಗು, ತಪ್ಪೇನಿಲ್ಲ. ಗ್ಯಾಲರಿಯವರನ್ನ ಇನ್ನೊಂದು ದಿನ ಕೇಳಿನೋಡು. ಆದರೆ ಫ್ರೆಂಡ್ಸ್ ನಗ್ತಾರೆ ಅನ್ನೋ ಕಾರಣಕ್ಕೆ ಬಿಡಬೇಡ. ಅಪ್ಪನ ಕಾರಣಕ್ಕೂ ಬಿಡಬೇಡ. ಯಾಕೆ ಅಂತ ಹೇಳ್ತೀನಿ.

ಹೋಗೋದಾದರೆ ಹೇಗೆ ಬಾರಿಸೋದು? ನಾನು ಸಂಗೀತ ವಿದ್ವಾಂಸ ಅಲ್ಲ, ಕೇಳಿ ಕೇಳಿ ಕಿವಿ ಹಣ್ಣಾದವನು. ನನ್ನ ತಲೆಗೆ ಹೊಳೆದದ್ದು ಹೇಳ್ತೀನಿ.

ಒಂದು. ನೀನು ಸೋಲೋ ಅಂತ ಮೆರೆಯೋಕೆ ಹೋಗಬೇಡ. ಚಿತ್ರವೇ ಹಾಡುಗಾರ, ನೀನು ಪಕ್ಕವಾದ್ಯ ಅಂದ್ಕೋ. ಪಕ್ಕವಾದ್ಯದವನು ಮೊದಲು ಕೇಳ್ತಾನೆ, ಆಮೇಲೆ ಬಾರಿಸ್ತಾನೆ. ನೀನು ಮೊದಲು ನೋಡು. ಒಂದು ನಿಮಿಷ ಕಮಾನು ಎತ್ತಲೇಬೇಡ. ಜನರೂ ನಿನ್ನ ಜೊತೆ ನೋಡಲಿ.

ಎರಡು. ಕಂಡದ್ದನ್ನೆಲ್ಲ ಅನುಕರಣೆ ಮಾಡಬೇಡ. ಮಳೆ ಕಂಡ ತಕ್ಷಣ ಅಮೃತವರ್ಷಿಣಿ, ತೊಟ್ಟಿಲು ಕಂಡ ತಕ್ಷಣ ನೀಲಾಂಬರಿ, ಹಕ್ಕಿ ಕಂಡರೆ ಕಿಚಿಕಿಚಿ. ಇದು ಆರ್ಕೆಸ್ಟ್ರಾದ ಮಿಮಿಕ್ರಿ ಐಟಂ ಆಗುತ್ತೆ. ಚಿತ್ರದಲ್ಲಿ ಬಣ್ಣ ಒತ್ತಾಗಿದೆಯೋ, ತೆಳುವಾಗಿದೆಯೋ, ಗೆರೆ ಉದ್ದವೋ, ತುಂಡು ತುಂಡೋ, ಖಾಲಿ ಜಾಗ ಎಷ್ಟಿದೆ, ಅದನ್ನ ಗಮನಿಸು. ಉದ್ದ ಗೆರೆಗೆ ಉದ್ದ ಕಮಾನು. ಖಾಲಿ ಜಾಗಕ್ಕೆ ಸುಮ್ಮನಿರು. ಪಿಟೀಲಿಗೆ ವೀಣೆಯ ಹಾಗೆ ಮೆಟ್ಟಿಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರಿಸಿಕೊಂಡೇ ಹೋಗಬಹುದು. ಒಂದು ಬಣ್ಣ ಇನ್ನೊಂದರೊಳಕ್ಕೆ ಕರಗೋದೂ ಹಾಗೇ ಅಲ್ವೇ?

ಮೂರು. ಆ ರಷ್ಯಾದವನ ನಡಿಗೆ ಕದಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಾಗ ಸಣ್ಣದೊಂದು ರಾಗದ ಎಳೆ ಇಟ್ಟುಕೋ. ಪ್ರತಿ ಸಲ ಅದನ್ನೇ ಬಾರಿಸು, ಆದರೆ ಆಗತಾನೇ ನೋಡಿ ಬಂದ ಚಿತ್ರದ ಛಾಯೆ ಅದರ ಮೇಲೆ ಬೀಳಲಿ. ನಾಲ್ಕನೇ ಸಲಕ್ಕೆ ಜನಕ್ಕೆ ಅದು ಗುರುತಾಗುತ್ತೆ. ಗುರುತಾದ ಮೇಲೆ ಅವರೂ ನಿನ್ನ ಜೊತೆ ಹೆಜ್ಜೆ ಹಾಕ್ತಾರೆ.

ನಾಲ್ಕು. ಆ ಐದನೇ ಚಿತ್ರ.

ನಮ್ಮ ಕಡೆಯವರಿಗೆ ಕಾರ್ಖಾನೆ ಗೇಟು ಅಂದರೆ ಏನು ಅಂತ ಬೇರೆಯವರಿಗೆ ಹೇಳಿದರೆ ತಿಳಿಯಲ್ಲ. ರಾಜಾಜಿನಗರ, ಮಾಗಡಿ ರೋಡು, ಮೈಸೂರು ರೋಡು, ಈ ಕಡೆಯೆಲ್ಲ ಒಂದು ಕಾಲಕ್ಕೆ ಸೈರನ್ ಕೇಳಿ ಏಳೋದು, ಸೈರನ್ ಕೇಳಿ ಊಟದ ಡಬ್ಬಿ ಕಟ್ಟೋದು. ಶಿಫ್ಟ್ ಬಿಟ್ಟ ಮೇಲೆ ಸೈಕಲ್ಲುಗಳ ಮೆರವಣಿಗೆ. ಸಂಬಳದ ದಿನ ಫಸ್ಟ್ ಶೋ ಸಿನಿಮಾ. ನಮ್ಮ ಚಿತ್ರಗಳನ್ನ ನೂರು ದಿನ ಓಡಿಸಿದ ಗಾಂಧಿ ಕ್ಲಾಸಿನ ಪ್ರೇಕ್ಷಕರಲ್ಲಿ ಆ ಗೇಟುಗಳಿಂದ ಹೊರಗೆ ಬಂದವರು ಎಷ್ಟು ಜನವೋ! ಅವರ ಕೈಯ ಚಪ್ಪಾಳೆ ಇಲ್ಲದಿದ್ದರೆ ಯಾವ ಸ್ಟಾರು, ಯಾವ ಪತ್ರಿಕೆ, ಯಾವ ಅಂಕಣ?

ಅದಕ್ಕೇ ಹೇಳ್ತೀನಿ, ಆ ಗೇಟಿಗೆ ಏನು ಬಾರಿಸಬೇಕು ಅಂತ ನನ್ನ ಕೇಳಬೇಡ. ನಿಮ್ಮಪ್ಪನ್ನ ಕೇಳು. ‘ಏನು ಬಾರಿಸ್ಲಿ’ ಅಂತ ಕೇಳಿದರೆ ಅವರು ‘ನನಗೇನು ಗೊತ್ತು’ ಅಂತ ಎದ್ದುಹೋಗ್ತಾರೆ. ಹಾಗೆ ಕೇಳಬೇಡ. ರಾತ್ರಿ ಊಟ ಆದ ಮೇಲೆ ಪಿಟೀಲು ಶ್ರುತಿ ಮಾಡಿಕೊಂಡು ಪಕ್ಕದಲ್ಲಿ ಕೂತು, ‘ಅಪ್ಪಾ, ನಿಮ್ಮ ಕಾರ್ಖಾನೆ ಸೈರನ್ ಹೇಗೆ ಕೂಗ್ತಿತ್ತು?’ ಅಂತ ಕೇಳು. ತಂತಿ ಮೇಲೆ ಬೆರಳು ಜಾರಿಸಿ ತೋರಿಸು. ‘ಇಷ್ಟು ಮೇಲಾ? ಇನ್ನೂ ಕೆಳಗಾ?’ ಅನ್ನು. ವರ್ಷಗಟ್ಟಲೆ ದಿನಾ ಕೇಳಿದ ಕಿವಿ ಅದು. ತಪ್ಪಾಗಿ ಬಾರಿಸಿದರೆ ಸುಮ್ಮನಿರಲ್ಲ ನೋಡು! ‘ಅಲ್ವೋ, ಸ್ವಲ್ಪ ಇಳಿಸು’ ಅಂತಾರೆ. ಸರಿಯಾದ ಜಾಗ ಸಿಕ್ಕಿತೋ, ನಿನ್ನ ಐದನೇ ಚಿತ್ರದ ಷಡ್ಜ ಅದೇ. ಆ ಒಂದು ಸ್ವರದ ಮೇಲೆ ನಿಲ್ಲು. ಗೇಟಿನ ಮುಂದೆ ಉಳಿದದ್ದು ಅದೇ ಹೇಳುತ್ತೆ.

ನಿಮ್ಮಪ್ಪ ಬೇಡ ಅಂದದ್ದು ಪಿಟೀಲಿಗೆ ಅಲ್ಲ ಅಂತ ನನಗನ್ನಿಸುತ್ತೆ. ಮುಚ್ಚಿದ ಗೇಟನ್ನ ಇನ್ನೊಮ್ಮೆ ನೋಡಬೇಕಲ್ಲ ಅನ್ನೋದಕ್ಕೆ. ಬಲವಂತ ಮಾಡಬೇಡ. ‘ಬನ್ನಿ’ ಅಂತ ಒಂದು ಸಲ ಕರಿ. ಬಂದರೆ ಮುಂದಿನ ಸಾಲಿನಲ್ಲಿ ಕೂರಿಸಬೇಡ, ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಸು. ಎದ್ದು ಹೋಗಬೇಕು ಅನ್ನಿಸಿದರೆ ಹೋಗೋಕೆ ದಾರಿ ಇರಲಿ. ಬರದಿದ್ದರೂ ಪರವಾಗಿಲ್ಲ. ಸೈರನ್ ಶ್ರುತಿ ಅವರೇ ಕೊಟ್ಟದ್ದು ಅಂತ ನಿನಗೆ ಗೊತ್ತಿರುತ್ತಲ್ಲ, ಸಾಕು.

ಬಾಕಿ ದೊರೆಗಳಿಗೆ ಒಂದು ಮಾತು. ವಿಜಯನಗರದಿಂದಲೋ ಕೆಂಗೇರಿಯಿಂದಲೋ ನೇರಳೆ ಮೆಟ್ರೋ ಹತ್ತಿದರೆ ಬದಲಾಯಿಸದೆ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಇಳಿಯಬಹುದು. ಒಂದು ರಜಾ ದಿನ, ಮ್ಯಾಟಿನಿ ಟಿಕೆಟ್ ಸಿಗದೇ ಹೋದಾಗಲಾದರೂ, ಯಾವುದಾದರೂ ಗ್ಯಾಲರಿಯ ಒಳಗೆ ಹೆಜ್ಜೆ ಇಡಿ. ಒಂದು ಚಿತ್ರದ ಮುಂದೆ ಐದು ನಿಮಿಷ ನಿಂತು, ನಿಮ್ಮ ಪ್ರೀತಿಯ ಮ್ಯೂಸಿಕ್ ಡೈರೆಕ್ಟರ್ ಆಗಿದ್ದರೆ ಇದಕ್ಕೆ ಏನು ಬಾರಿಸ್ತಿದ್ದರು ಅಂತ ಯೋಚನೆ ಮಾಡಿ. ಶಿಳ್ಳೆ ಮಾತ್ರ ಹೊಡೀಬೇಡಿ, ವಾಚ್‌ಮನ್ ಹೊರಗೆ ಹಾಕ್ತಾನೆ!

ತಮ್ಮಾ, ಭಾನುವಾರ ಆದ ಮೇಲೆ ಏನಾಯ್ತು ಅಂತ ಬರಿ. ಎಷ್ಟು ಜನ ಬಂದಿದ್ರು, ಎಷ್ಟು ಚಪ್ಪಾಳೆ ಬಿತ್ತು ಅನ್ನೋದು ಬೇಡ. ಅಪ್ಪ ಸೈರನ್ ಎಲ್ಲಿಗೆ ಇಳಿಸು ಅಂದ್ರು, ಅದನ್ನ ಬರಿ.

ಅಗೋ, ಬಸ್ ಬಂತು. ಮತ್ತೆ ಮುಂದಿನ ವಾರ ಸಿಗೋಣ!